ಲ್ಯಾಪ್‌ಟಾಪ್ ಸ್ಕ್ರೀನ್ ಮಿನುಗುತ್ತಿದೆ, ಜೊತೆಗೆ ಒಂದು ಹಸಿರು ಗೆರೆ. ಪ್ಯಾನೆಲ್ ಬದಲಿಸಲೇಬೇಕಾ?

ಮಂಕುಪರದೆ:

ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ.

ನನ್ನ ಲ್ಯಾಪ್‌ಟಾಪ್‌ಗೆ ಐದು ವರ್ಷ ತುಂಬಿದೆ. 15.6 ಇಂಚಿನ ಫುಲ್ ಎಚ್‌ಡಿ ಸ್ಕ್ರೀನ್, ಟಚ್ ಅಲ್ಲ. ವಾರಂಟಿ ಯಾವತ್ತೋ ಮುಗಿದಿದೆ. ಎರಡು ತಿಂಗಳ ಹಿಂದೆ ಸ್ಕ್ರೀನಿನ ಬಲಗಡೆ, ಮೇಲಿಂದ ಕೆಳಗಿನ ತನಕ, ಕೂದಲೆಳೆಯಷ್ಟು ತೆಳುವಾದ ಒಂದು ಹಸಿರು ಗೆರೆ ಕಾಣಿಸಿಕೊಂಡಿತು. ಕೆಲಸಕ್ಕೇನೂ ತೊಂದರೆ ಇರಲಿಲ್ಲ, ಕಣ್ಣಿಗೆ ಅಭ್ಯಾಸ ಆಗಿಬಿಟ್ಟಿತ್ತು. ಈಗ ಹದಿನೈದು ದಿನದಿಂದ ಬೇರೆ ಕಾಟ ಶುರುವಾಗಿದೆ. ಟೈಪ್ ಮಾಡುತ್ತಾ ಕೂತಿದ್ದಾಗ ಸ್ಕ್ರೀನ್ ಪಟಪಟ ಅಂತ ಮಿನುಗುತ್ತದೆ, ಕೆಲವು ಸಲ ಪೂರ್ತಿ ಕಪ್ಪಾಗುತ್ತದೆ. ಹಾಡು ಹಾಕಿದ್ದರೆ ಅದು ಮಾತ್ರ ನಿಲ್ಲುವುದಿಲ್ಲ, ಅಂದರೆ ಒಳಗೆ ಎಲ್ಲ ನಡೆಯುತ್ತಲೇ ಇದೆ. ಮುಚ್ಚಳ ಮುಚ್ಚಿ ತೆರೆದರೆ ಒಮ್ಮೊಮ್ಮೆ ಸರಿಹೋಗುತ್ತದೆ, ಒಮ್ಮೊಮ್ಮೆ ಇಲ್ಲ.

ಡಿಸ್ಪ್ಲೇ ಡ್ರೈವರ್ (ಸ್ಕ್ರೀನ್ ನಡೆಸುವ ಸಾಫ್ಟ್‌ವೇರ್) ತೆಗೆದು ಮತ್ತೆ ಹಾಕಿದೆ. ಆಮೇಲೆ ಸಿಟ್ಟು ಬಂದು ಇಡೀ ವಿಂಡೋಸನ್ನೇ ಹೊಸದಾಗಿ ಹಾಕಿದೆ. ಏನೂ ಬದಲಾಗಲಿಲ್ಲ. ನೋಡಿದವರೆಲ್ಲ "ಮೊದಲು ಗೆರೆ ಬಂತು, ಈಗ ಮಿನುಗುತ್ತಿದೆ, ಪ್ಯಾನೆಲ್ ಕಥೆ ಮುಗೀತು, ಬದಲಿಸು" ಅನ್ನುತ್ತಾರೆ. ಆನ್‌ಲೈನಿನಲ್ಲಿ ಒಂದು ಪ್ಯಾನೆಲ್ ಹುಡುಕಿ ಕಾರ್ಟ್‌ಗೂ ಹಾಕಿದ್ದೇನೆ. ದುಡ್ಡು ಕಟ್ಟುವ ಮುಂಚೆ ಒಮ್ಮೆ ಕೇಳೋಣ ಅನ್ನಿಸಿತು. ನಿಜಕ್ಕೂ ಪ್ಯಾನೆಲ್ಲೇನಾ? ಮನೆಯಲ್ಲೇ ಬದಲಿಸಬಹುದಾ? ಇಲ್ಲಿಯ ತನಕ ನಾನು ಬಿಚ್ಚಿ ಮಾಡಿದ ಕೆಲಸ ಅಂದರೆ ರ‍್ಯಾಮ್ ಸೇರಿಸಿದ್ದು, ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದ್ದು, ಅಷ್ಟೇ.

ನಿದ್ದೆಗೇಡಿ:

ಐದು ವರ್ಷದ ಮೆಷೀನು, ಗೆರೆ ಬೇರೆ ಬಂದಿದೆ. ಇದರಲ್ಲಿ ಯೋಚನೆ ಮಾಡುವುದೇನಿದೆ? ಪ್ಯಾನೆಲ್ ಹಾಕಿಬಿಡಿ. ನನ್ನದೂ ಹೀಗೇ ಮಿನುಗುತ್ತಿತ್ತು, ಹೊಸದು ಹಾಕಿದೆ, ಸರಿಹೋಯಿತು. ಅರ್ಧ ಗಂಟೆಯ ಕೆಲಸ. ಪರೀಕ್ಷೆ ಗಿರೀಕ್ಷೆ ಅಂತ ಕೂತರೆ ಸುಮ್ನೆ ದಿನ ಹಾಳು.

ಹಳೇಸ್ಕ್ರೂ:

ಪ್ಯಾನೆಲ್ ಕಾರ್ಟ್‌ನಲ್ಲೇ ಇರಲಿ, ದುಡ್ಡು ಮಾತ್ರ ಈಗಲೇ ಕಟ್ಟಬೇಡಿ. ಮುಚ್ಚಿ ತೆರೆದರೆ ಸರಿಹೋಗುತ್ತದೆ ಅಂದಿರಲ್ಲ, ಆ ಒಂದು ಮಾತಿನ ಮೇಲೆ ನನಗೆ ಅನುಮಾನ.

ಚಿತ್ರ ನಿಮ್ಮ ಕಣ್ಣಿಗೆ ಬೀಳಬೇಕಾದರೆ ನಾಲ್ಕು ಜಾಗ ದಾಟಿ ಬರಬೇಕು. ಮೊದಲು ವಿಂಡೋಸ್ ಮತ್ತು ಡ್ರೈವರ್, ಆಮೇಲೆ ಮದರ್‌ಬೋರ್ಡ್ ಮೇಲಿನ ಗ್ರಾಫಿಕ್ಸ್, ಆಮೇಲೆ ಹಿಂಜ್ (ಮುಚ್ಚಳ ತಿರುಗುವ ಕೀಲು) ಒಳಗಿನಿಂದ ಮುಚ್ಚಳಕ್ಕೆ ಹೋಗುವ ಡಿಸ್ಪ್ಲೇ ಕೇಬಲ್, ಕೊನೆಗೆ ಪ್ಯಾನೆಲ್. ಈ ನಾಲ್ಕರಲ್ಲಿ ಕೆಟ್ಟದ್ದು ಯಾವುದು ಅಂತ ಒಂದು ಸ್ಕ್ರೂ ಕೂಡ ಬಿಚ್ಚದೆ ಹೆಚ್ಚುಕಡಿಮೆ ಹೇಳಬಹುದು.

ಮೊದಲು ಬೇರೆ ಮಾನಿಟರ್ ಹಾಕಿ. ಟಿವಿ ಆದರೂ ನಡೆಯುತ್ತದೆ. ಎಚ್‌ಡಿಎಂಐ ಕೇಬಲ್ ಚುಚ್ಚಿ, ವಿಂಡೋಸ್ ಕೀ ಜೊತೆ ಪಿ ಒತ್ತಿ, ಡುಪ್ಲಿಕೇಟ್ ಅಂತ ಆರಿಸಿ, ಅರ್ಧ ಗಂಟೆ ಹಾಗೇ ಬಿಡಿ. ಲ್ಯಾಪ್‌ಟಾಪ್ ಸ್ಕ್ರೀನ್ ಮಿನುಗುವ ಹೊತ್ತಿನಲ್ಲೂ ಟಿವಿ ತಣ್ಣಗಿದ್ದರೆ ಗ್ರಾಫಿಕ್ಸ್ ಬಹುಮಟ್ಟಿಗೆ ಬಚಾವ್. ಟಿವಿಯಲ್ಲೂ ಅದೇ ಗಲಾಟೆ ಕಂಡರೆ ಮುಚ್ಚಳ ಬಿಚ್ಚಿ ಪ್ರಯೋಜನವಿಲ್ಲ, ರೋಗ ಕೆಳಗಡೆ ಇದೆ. ಒಂದು ಎಚ್ಚರ: ಎರಡು ಗ್ರಾಫಿಕ್ಸ್ ಚಿಪ್ ಇರುವ ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲಿ ಎಚ್‌ಡಿಎಂಐ ಒಂದು ಚಿಪ್‌ಗೆ, ಒಳಗಿನ ಸ್ಕ್ರೀನ್ ಇನ್ನೊಂದು ಚಿಪ್‌ಗೆ ಸೇರಿರಬಹುದು. ಅಂಥದ್ದರಲ್ಲಿ ಈ ಒಂದೇ ಪರೀಕ್ಷೆಯನ್ನು ನಂಬಬೇಡಿ.

ಆಮೇಲೆ ಬಯಾಸ್‌ಗೆ, ಅಂದರೆ ವಿಂಡೋಸ್ ಶುರುವಾಗುವ ಮುಂಚಿನ ಸೆಟಿಂಗ್ ಪುಟಕ್ಕೆ, ಹೋಗಿ ಹತ್ತು ನಿಮಿಷ ಕೂತುಕೊಳ್ಳಿ. ಅಲ್ಲಿ ವಿಂಡೋಸೂ ಇಲ್ಲ, ಅದರ ಡ್ರೈವರೂ ಇಲ್ಲ. ಅಲ್ಲೂ ಮಿನುಗಿದರೆ ಸಾಫ್ಟ್‌ವೇರ್ ತಪ್ಪಲ್ಲ. (ವಿಂಡೋಸ್ ಮತ್ತೆ ಹಾಕುವ ಮುಂಚೆ ಇದನ್ನು ಮಾಡಿದ್ದರೆ ನಿಮ್ಮ ಒಂದು ದಿನ ಉಳಿಯುತ್ತಿತ್ತು. ಇರಲಿ, ಎಲ್ಲರೂ ಮೊದಲು ಅದನ್ನೇ ಮಾಡುತ್ತಾರೆ.)

ಬಯಾಸ್‌ನಲ್ಲಿ ಇದ್ದಾಗಲೇ ಮುಚ್ಚಳವನ್ನು ತುಂಬಾ ನಿಧಾನವಾಗಿ, ಮುಕ್ಕಾಲು ಮುಚ್ಚಿದ ಜಾಗದಿಂದ ಪೂರ್ತಿ ತೆರೆಯುವ ತನಕ ಆಡಿಸಿ. ಯಾವ ಕೋನದಲ್ಲಿ ಏನಾಗುತ್ತದೆ ನೋಡಿ. ಜೊತೆಗೆ ಗೆರೆ ಇರುವ ಜಾಗದ ಕೆಳಗಿನ ಪ್ಲಾಸ್ಟಿಕ್ ಪಟ್ಟಿಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿ. ಪಟ್ಟಿಯನ್ನು ಒತ್ತಿ, ಗಾಜನ್ನಲ್ಲ.

ಕಪ್ಪಾದಾಗ ಕೋಣೆಯ ದೀಪ ಆರಿಸಿ, ಫೋನಿನ ಟಾರ್ಚನ್ನು ಸ್ಕ್ರೀನಿಗೆ ಓರೆಯಾಗಿ ಹಿಡಿಯಿರಿ. ಮಸುಕು ಮಸುಕಾಗಿ ಅಕ್ಷರಗಳು ಕಂಡರೆ ಚಿತ್ರ ಬರುತ್ತಿದೆ, ಅದನ್ನು ಹಿಂದಿನಿಂದ ಬೆಳಗುವ ದೀಪ, ಅಂದರೆ ಬ್ಯಾಕ್‌ಲೈಟ್, ಮಾತ್ರ ಹೋಗಿದೆ ಅಂತ ಅರ್ಥ. ಏನೂ ಕಾಣದಿದ್ದರೆ ಚಿತ್ರವೇ ತಲುಪುತ್ತಿಲ್ಲ.

ನಿಮ್ಮದು ಡೆಲ್ ಆಗಿದ್ದರೆ ಕೆಲಸ ಇನ್ನೂ ಸುಲಭ. ಆಫ್ ಮಾಡಿ, ಡಿ ಕೀ ಒತ್ತಿಹಿಡಿದು ಪವರ್ ಬಟನ್ ಒತ್ತಿ. ಸ್ಕ್ರೀನ್ ತಾನೇ ಕೆಂಪು, ಹಸಿರು, ನೀಲಿ, ಬಿಳಿ, ಕಪ್ಪು ಬಣ್ಣಗಳನ್ನು ಒಂದೊಂದಾಗಿ ತುಂಬಿ ತೋರಿಸುತ್ತದೆ. ಆ ಬಣ್ಣಗಳು ಗ್ರಾಫಿಕ್ಸ್ ಕಡೆಯಿಂದ ಬರುವುದಿಲ್ಲ, ಪ್ಯಾನೆಲ್ಲೇ ಹುಟ್ಟಿಸುತ್ತದೆ. ಹಾಗಾಗಿ ಅಲ್ಲಿ ಗೆರೆ ಕಂಡರೆ ಅದು ಪ್ಯಾನೆಲ್‌ದೇ. ಎಚ್‌ಪಿಯಲ್ಲಿ ಆನ್ ಮಾಡಿದ ಕೂಡಲೇ ಎಸ್ಕೇಪ್ ಒತ್ತುತ್ತಾ ಇದ್ದು ಮೆನು ಬಂದಾಗ ಎಫ್2 ಒತ್ತಿದರೆ ಪರೀಕ್ಷೆಗಳ ಪುಟ ಸಿಗುತ್ತದೆ.

ಮಾಡಿ ಬಂದು ಹೇಳಿ.

ತಂತಿಜಾಲ:

ವಿಂಡೋಸ್ ಹೊಸದಾಗಿ ಹಾಕಿದ್ದಾರೆ, ಆದರೂ ಮುಂದೆ ಓದುವವರಿಗೆ ಇರಲಿ ಅಂತ ಬರೆಯುತ್ತೇನೆ. ಸ್ಕ್ರೀನ್ ಮಿನುಗುವಾಗ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಉಳಿದದ್ದೆಲ್ಲ ಮಿನುಗುತ್ತಿದ್ದು ಟಾಸ್ಕ್ ಮ್ಯಾನೇಜರ್ ಮಾತ್ರ ಸುಮ್ಮನಿದ್ದರೆ ಯಾವುದೋ ಆ್ಯಪ್ ತಂಟೆ. ಅದೂ ಸೇರಿ ಮಿನುಗಿದರೆ ಡ್ರೈವರ್ ಕಡೆ ನೋಡಿ ಅಂತ ಮೈಕ್ರೋಸಾಫ್ಟ್‌ನವರೇ ಹೇಳುತ್ತಾರೆ. ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ನಾಲ್ಕನ್ನೂ ಒಟ್ಟಿಗೆ ಒತ್ತಿದರೆ ಗ್ರಾಫಿಕ್ಸ್ ಡ್ರೈವರ್ ಮತ್ತೆ ಶುರುವಾಗುತ್ತದೆ, ಕಪ್ಪು ಸ್ಕ್ರೀನ್‌ಗೆ ಒಮ್ಮೊಮ್ಮೆ ಅಷ್ಟೇ ಸಾಕಾಗುತ್ತದೆ.

ಇನ್ನೊಂದು: ಚಾರ್ಜರ್ ತೆಗೆದಾಗ ಮಾತ್ರ ಮಿನುಗುತ್ತದೆ ಅಂದರೆ ಮೊದಲು ವಿದ್ಯುತ್ ಉಳಿಸುವ ಸೆಟಿಂಗ್ ನೋಡಬೇಕು. ಇಂಟೆಲ್ ಗ್ರಾಫಿಕ್ಸ್‌ನಲ್ಲಿ ಪ್ಯಾನೆಲ್ ಸೆಲ್ಫ್ ರಿಫ್ರೆಶ್ ಅಂತ ಒಂದಿದೆ. ಚಿತ್ರ ಬದಲಾಗದೆ ಇದ್ದಾಗ ಪ್ಯಾನೆಲ್ ತನ್ನ ನೆನಪಿನಿಂದಲೇ ಅದನ್ನು ತೋರಿಸುತ್ತಾ ಇರುತ್ತದೆ, ಗ್ರಾಫಿಕ್ಸ್ ಮಲಗುತ್ತದೆ. ಕೆಲವು ಮೆಷೀನುಗಳಲ್ಲಿ ಈ ಮಲಗುವ ಏಳುವ ಆಟದಲ್ಲೇ ಮಿನುಗು ಬರುತ್ತದೆ. ಅದನ್ನು ಆಫ್ ಮಾಡಿದರೆ ಮುಗಿಯಿತು.

ಮಂಕುಪರದೆ:

ಎಲ್ಲ ಮಾಡಿದೆ. ಡೆಲ್ ಅಲ್ಲ, ಹಾಗಾಗಿ ಆ ಬಣ್ಣದ ಪರೀಕ್ಷೆ ಇಲ್ಲ.

ಟಿವಿಯಲ್ಲಿ ಒಂದು ಗಂಟೆ ಬಿಟ್ಟೆ. ಒಂದು ಸಲವೂ ಮಿನುಗಲಿಲ್ಲ, ಹಸಿರು ಗೆರೆಯೂ ಇಲ್ಲ. ಒಂದೇ ಗ್ರಾಫಿಕ್ಸ್ ಚಿಪ್ ಇರುವ ಸಾಧಾರಣ ಲ್ಯಾಪ್‌ಟಾಪ್ ನನ್ನದು. ಬಯಾಸ್‌ನಲ್ಲಿ ಗೆರೆಯೂ ಇದೆ, ಮಿನುಗೂ ಇದೆ. ಅಂದರೆ ವಿಂಡೋಸ್ ಪಾಪ ಏನೂ ಮಾಡಿರಲಿಲ್ಲ.

ಮುಚ್ಚಳ ಆಡಿಸಿದಾಗ ತಮಾಷೆ ನೋಡಿ. ಸ್ಕ್ರೀನ್ ನೇರ ನಿಂತಿರುವ ತನಕ ಏನೂ ಇಲ್ಲ. ಅಲ್ಲಿಂದ ಸ್ವಲ್ಪ ಹಿಂದಕ್ಕೆ ವಾಲಿಸಿದರೆ, ಅಂದರೆ ನಾನು ದಿನಾ ಇಟ್ಟುಕೊಂಡು ಕೆಲಸ ಮಾಡುವ ಕೋನದಲ್ಲೇ, ಮಿನುಗು ಶುರು. ಇನ್ನೂ ಹಿಂದಕ್ಕೆ ಹೋದರೆ ಕಪ್ಪು. ಮುಂದಕ್ಕೆ ತಂದರೆ ಮತ್ತೆ ಬರುತ್ತದೆ. ಕಪ್ಪಾದಾಗ ಟಾರ್ಚ್ ಹಿಡಿದೆ, ಏನೂ ಕಾಣಲಿಲ್ಲ.

ಗೆರೆ ಮಾತ್ರ ಯಾವ ಕೋನಕ್ಕೂ ಜಗ್ಗಲಿಲ್ಲ. ಆದರೆ ಕೆಳಗಿನ ಪಟ್ಟಿ ಒತ್ತಿದ ಕೂಡಲೇ ಮಾಯ! ಬಿಟ್ಟರೆ ಮತ್ತೆ ಹಾಜರ್. ಹಾಗಾದರೆ ಗೆರೆಗೂ ಸಡಿಲ ಕನೆಕ್ಷನ್ನೇ ಕಾರಣ ಅಲ್ವಾ? ಕೇಬಲ್ ಸರಿಮಾಡಿದರೆ ಎರಡೂ ಒಟ್ಟಿಗೆ ಹೋಗುತ್ತವಾ?

ಇಕ್ಕಳ:

ಹೋಗುವುದಿಲ್ಲ. ನಿಮ್ಮ ಸ್ಕ್ರೀನಿಗೆ ಎರಡು ಬೇರೆ ಬೇರೆ ಕಾಯಿಲೆ ಇವೆ. ಒಂದರ ಹಿಂದೆ ಒಂದು ಬಂದವು ಅಂತ ಎಲ್ಲರೂ ಒಂದೇ ಕಾಯಿಲೆ ಅಂದುಕೊಂಡರು, ಅಷ್ಟೇ.

ಮೊದಲು ಗೆರೆ. ಫುಲ್ ಎಚ್‌ಡಿ ಅಂದರೆ ಅಡ್ಡಕ್ಕೆ 1920 ಪಿಕ್ಸೆಲ್. ಒಂದೊಂದು ಪಿಕ್ಸೆಲ್‌ಗೆ ಕೆಂಪು, ಹಸಿರು, ನೀಲಿ ಅಂತ ಮೂರು ಭಾಗ. ಒಟ್ಟು 5760 ಉದ್ದ ಸಾಲುಗಳು. ಇವನ್ನು ನಡೆಸುವ ಚಿಪ್‌ಗಳು ಪ್ಯಾನೆಲ್‌ನ ಕೆಳಗಿನ ಅಂಚಿನಲ್ಲಿ, ನೀವು ಒತ್ತಿದ ಪಟ್ಟಿಯ ಹಿಂದೆಯೇ ಇವೆ. ಆ ಚಿಪ್‌ಗಳಿಂದ ಗಾಜಿನ ಮೇಲಿನ ಸಾಲುಗಳಿಗೆ ಬೆಸುಗೆ ಇರುವುದಿಲ್ಲ. ಕರೆಂಟ್ ಹರಿಸುವ ಸಣ್ಣ ಕಣಗಳಿರುವ ಒಂದು ಬಗೆಯ ಅಂಟನ್ನು ಬಿಸಿ ಮಾಡಿ ಒತ್ತಿ ಕೂರಿಸಿರುತ್ತಾರೆ. ಅದರಲ್ಲಿ ಒಂದೇ ಒಂದು ಸಾಲಿನ ಹಿಡಿತ ಬಿಟ್ಟರೂ ಸಾಕು, ನಿಮಗೆ ಕಾಣುವಂಥ ಒಂಟಿ ಬಣ್ಣದ ಗೆರೆ ಬರುತ್ತದೆ. ಒತ್ತಿದಾಗ ಅಂಟು ಮತ್ತೆ ತಾಗುತ್ತದೆ, ಗೆರೆ ಹೋಗುತ್ತದೆ. ಬಿಟ್ಟರೆ ಬರುತ್ತದೆ. ಒಂದು ಚಿಪ್ಪೇ ಕೈಕೊಟ್ಟರೆ ಗೆರೆ ಅಲ್ಲ, ಅಗಲವಾದ ಪಟ್ಟಿಯೇ ಹೋಗುತ್ತದೆ.

ಇದೇ ಗೆರೆ ಕೇಬಲ್‌ನಿಂದ ಯಾಕೆ ಬರುವುದಿಲ್ಲ ಅಂದರೆ, ಕೇಬಲ್‌ನಲ್ಲಿ ಒಂದೊಂದು ಸಾಲಿಗೆ ಒಂದೊಂದು ತಂತಿ ಇಲ್ಲ. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಇರುವುದು ಇಡಿಪಿ, ಅಂದರೆ ಎಂಬೆಡೆಡ್ ಡಿಸ್ಪ್ಲೇಪೋರ್ಟ್. 20 ಲಕ್ಷಕ್ಕೂ ಹೆಚ್ಚು ಪಿಕ್ಸೆಲ್‌ಗಳ ಮಾಹಿತಿ ಕೆಲವೇ ಜೋಡಿ ತಂತಿಗಳಲ್ಲಿ ಒಂದರ ಹಿಂದೆ ಒಂದು ಓಡುತ್ತದೆ. ತಂತಿ ಕೆಟ್ಟರೆ ಆ ದಾರಿಯಲ್ಲಿ ಹೋಗುವ ಎಲ್ಲರಿಗೂ ತೊಂದರೆ. ಇಡೀ ಚಿತ್ರ ಮಿನುಗುತ್ತದೆ, ಚೂರುಚೂರಾಗುತ್ತದೆ, ಇಲ್ಲವೇ ಕಪ್ಪಾಗುತ್ತದೆ. ಒಂದೇ ಸಾಲು, ಅದೂ ಎರಡು ತಿಂಗಳು ಒಂದೇ ಜಾಗದಲ್ಲಿ, ಕೆಡಲಾರದು.

ಈಗ ಮಿನುಗು. ಕೋನಕ್ಕೆ ತಕ್ಕ ಹಾಗೆ ಬದಲಾಗುತ್ತದೆ ಅಂದಿರಿ. ಪ್ಯಾನೆಲ್‌ಗೆ ತಾನು ಯಾವ ಕೋನದಲ್ಲಿದ್ದೇನೆ ಅಂತ ಗೊತ್ತಾಗುವುದಿಲ್ಲ, ಕೋನ ಬದಲಾದಾಗ ಬಗ್ಗುವುದು ಹಿಂಜ್ ಹತ್ತಿರದ ಕೇಬಲ್ ಒಂದೇ. ಅಗ್ಗದ ಲ್ಯಾಪ್‌ಟಾಪ್‌ಗೆ ಮಾತ್ರ ಹೀಗಾಗುತ್ತದೆ ಅಂದುಕೊಳ್ಳಬೇಡಿ. 2016ರ 13 ಇಂಚಿನ ಮ್ಯಾಕ್‌ಬುಕ್ ಪ್ರೊಗಳಲ್ಲಿ ಮುಚ್ಚಳ ತೆರೆದು ಮುಚ್ಚಿ ಡಿಸ್ಪ್ಲೇಯ ಪಟ್ಟಿ ಕೇಬಲ್ ಸವೆದು, ಸ್ಕ್ರೀನಿನ ಕೆಳಗೆ ನಾಟಕದ ವೇದಿಕೆಯ ದೀಪಗಳ ಹಾಗೆ ಬೆಳಕಿನ ಮಚ್ಚೆಗಳು ಬರುತ್ತಿದ್ದವು. 2019ರ ಮೇ ತಿಂಗಳಲ್ಲಿ ಆ್ಯಪಲ್ ಅದನ್ನು ಉಚಿತವಾಗಿ ಸರಿಮಾಡಿಕೊಡುವ ಯೋಜನೆಯನ್ನೇ ಶುರು ಮಾಡಬೇಕಾಯಿತು.

ನನ್ನ ಲೆಕ್ಕದಲ್ಲಿ: ಮಿನುಗಿಗೆ ಕೇಬಲ್. ಗೆರೆಗೆ ಮನೆಯಲ್ಲಿ ಮಾಡುವ ಮದ್ದಿಲ್ಲ, ಪ್ಯಾನೆಲ್ ಬದಲಿಸಬೇಕು ಇಲ್ಲವೇ ಸಹಿಸಬೇಕು. ಕೆಲವು ವಿಡಿಯೋಗಳಲ್ಲಿ ಪಟ್ಟಿಯ ಒಳಗೆ ಕಾಗದ ಮಡಚಿ ತುರುಕುವುದನ್ನು ತೋರಿಸುತ್ತಾರೆ. ಮಾಡಬೇಡಿ. ಪ್ಯಾನೆಲ್‌ನ ಗಾಜು ಅರ್ಧ ಮಿಲಿಮೀಟರ್ ಆಸುಪಾಸಿನದ್ದು. ಇವತ್ತು ಗೆರೆ ಹೋಗಿ ನಾಳೆ ಮುಚ್ಚಳ ಮುಚ್ಚಿದಾಗ ಮೂಲೆಯಿಂದ ಮೂಲೆಗೆ ಬಿರುಕು ಬಂದರೆ ಯಾರನ್ನು ಕೇಳುತ್ತೀರಿ?

ದಾರಿಹೋಕ:

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನದು ಎಡಗೈ ಹತ್ತಿರ ಬಂದರೆ ಸ್ಕ್ರೀನ್ ಆಫ್ ಆಗುತ್ತದೆ. ತಮಾಷೆ ಅಲ್ಲ. ಬಲಗೈಗೆ ಏನೂ ಆಗುವುದಿಲ್ಲ.

ಇಕ್ಕಳ:

ಎಡಗೈಗೆ ವಾಚ್ ಕಟ್ಟುತ್ತೀರಾ? ಆಯಸ್ಕಾಂತದ ಕೊಂಡಿ ಇರುವ ಪಟ್ಟಿಯಾ? ಮುಚ್ಚಳ ಮುಚ್ಚಿದೆ ಅಂತ ಲ್ಯಾಪ್‌ಟಾಪ್‌ಗೆ ಗೊತ್ತಾಗುವುದು ಮುಚ್ಚಳದಲ್ಲಿರುವ ಸಣ್ಣ ಆಯಸ್ಕಾಂತದಿಂದ. ಕೀಬೋರ್ಡ್ ಕಡೆ ಅದನ್ನು ಗುರುತಿಸುವ ಸೆನ್ಸರ್ ಇರುತ್ತದೆ. ನಿಮ್ಮ ವಾಚ್ ಬಂದಾಗ ಅದು ಮುಚ್ಚಳ ಅಂದುಕೊಂಡು ಸ್ಕ್ರೀನ್ ಆರಿಸುತ್ತದೆ. ಆಯಸ್ಕಾಂತದ ಫೋನ್ ಕವರ್ ಇಟ್ಟರೂ ಹೀಗೇ, ಆನ್ ಆಗಿರುವ ಲ್ಯಾಪ್‌ಟಾಪನ್ನು ಇನ್ನೊಂದರ ಮೇಲೆ ಇಟ್ಟರೂ ಹೀಗೇ.

ದಾರಿಹೋಕ:

ವಾಚ್ ಬಿಚ್ಚಿದೆ. ಸರಿಯಾಯಿತು. ಒಂದು ವಾರ ಡ್ರೈವರ್ ಹುಡುಕಿದ್ದೆ. ಥ್ಯಾಂಕ್ಸ್, ಹೊರಟೆ.

ಹಳೇಸ್ಕ್ರೂ:

ಇಕ್ಕಳ ಹೇಳಿದ್ದೇ ಸರಿ. ಮಂಕುಪರದೆ ಅವರೇ, ಎಸ್‌ಎಸ್‌ಡಿ ಹಾಕಿದ ಕೈ ಅಂದರೆ ಇದನ್ನೂ ಮಾಡಬಹುದು. ಮೊದಲು ಕೇಬಲ್‌ನ ಎರಡೂ ತುದಿ ಬಿಚ್ಚಿ ಮತ್ತೆ ಕೂರಿಸುವುದು. ಅದು ಖರ್ಚಿಲ್ಲದ ಕೆಲಸ, ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ.

ನಿಮ್ಮ ಮಾಡೆಲ್ ಬಿಚ್ಚುವ ವಿಡಿಯೋ ಅಥವಾ ಸರ್ವಿಸ್ ಮ್ಯಾನುಯಲ್ ಮೊದಲು ಪೂರ್ತಿ ನೋಡಿ. ನೋಡುತ್ತಾ ಬಿಚ್ಚಬೇಡಿ, ನೋಡಿ ಮುಗಿಸಿ ಬಿಚ್ಚಿ. ಆಫ್ ಮಾಡಿ, ಚಾರ್ಜರ್ ತೆಗೆಯಿರಿ, ತಳದ ಮುಚ್ಚಳ ಬಿಚ್ಚಿ. ಸ್ಕ್ರೂಗಳು ಬೇರೆ ಬೇರೆ ಉದ್ದ ಇರುತ್ತವೆ. ಕಾಗದದ ಮೇಲೆ ಲ್ಯಾಪ್‌ಟಾಪಿನ ಚೌಕ ಬರೆದು, ಯಾವುದು ಎಲ್ಲಿಂದ ಬಂತೋ ಅಲ್ಲೇ ಟೇಪ್ ಹಚ್ಚಿ ಅಂಟಿಸಿ. ಉದ್ದದ್ದನ್ನು ಗಿಡ್ಡದರ ಜಾಗದಲ್ಲಿ ತಿರುಗಿಸಿದರೆ ಕೀಬೋರ್ಡ್ ಕಡೆ ಉಬ್ಬುತ್ತದೆ. ತಳ ತೆರೆದ ಕೂಡಲೇ ಬ್ಯಾಟರಿ ಉಬ್ಬಿದೆಯಾ ನೋಡಿ. ಉಬ್ಬಿದ್ದರೆ ಅಲ್ಲಿಗೇ ನಿಲ್ಲಿಸಿ, ಅದನ್ನು ಚುಚ್ಚಬೇಡಿ, ಒತ್ತಬೇಡಿ, ಮೊದಲು ಅದರ ದಾರಿ ನೋಡಬೇಕು. ಚೆನ್ನಾಗಿದ್ದರೆ ಬ್ಯಾಟರಿ ಕನೆಕ್ಟರ್ ತೆಗೆಯಿರಿ. ಆಮೇಲೆ ಪವರ್ ಬಟನ್ ಅರ್ಧ ನಿಮಿಷ ಒತ್ತಿಹಿಡಿದು ಉಳಿದ ಚಾರ್ಜ್ ಹೋಗಲು ಬಿಡಿ. ಇದನ್ನು ಬಿಡಲೇಬಾರದು, ಯಾಕೆ ಅಂತ ಸುಟ್ಟಫ್ಯೂಸ್ ಅವರು ಬಂದು ಹೇಳಬೇಕು.

ಮದರ್‌ಬೋರ್ಡ್ ಕಡೆಯ ತುದಿ ಸಾಮಾನ್ಯವಾಗಿ ಹಿಂಜ್ ಹತ್ತಿರ, ಟೇಪ್ ಕೆಳಗೆ ಇರುತ್ತದೆ. ಅಲ್ಲಿಂದ ಕೇಬಲ್ ಹಿಂಜ್ ಕಡೆಗೆ ಹೋಗುವ ದಾರಿಯಲ್ಲಿ ಚಪ್ಪಟೆಯಾಗಿದೆಯಾ, ಕಪ್ಪು ಸುತ್ತು ಹರಿದಿದೆಯಾ ನೋಡಿ.

ಇನ್ನು ಸ್ಕ್ರೀನಿನ ಚೌಕಟ್ಟು, ಅಂದರೆ ಬೆಜೆಲ್. ಕೆಲವದಕ್ಕೆ ರಬ್ಬರ್ ಗುಂಡಿಗಳ ಕೆಳಗೆ ಸ್ಕ್ರೂ ಇರುತ್ತದೆ, ಈಚಿನ ಹೆಚ್ಚಿನವು ಬರೀ ಕೊಕ್ಕೆ ಮತ್ತು ಅಂಟು. ಲೋಹದ ಸ್ಕ್ರೂಡ್ರೈವರ್ ತುರುಕಬೇಡಿ. ಹಳೇ ಸಿಮ್ ಕಾರ್ಡ್ ಅಥವಾ ಗಿಟಾರ್ ಮೀಟುವ ಪ್ಲಾಸ್ಟಿಕ್ ತುಂಡು ಸಾಕು. ಒಳ ಅಂಚಿನಿಂದ ಹೊರಕ್ಕೆ, ಮೇಲಿನಿಂದ ಶುರು ಮಾಡಿ, ಪಕ್ಕಗಳು ಆಮೇಲೆ, ಹಿಂಜ್ ಕಡೆ ಕೊನೆಗೆ. ಟಕ್ ಟಕ್ ಅಂತ ಸದ್ದು ಬರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಅದು ಕೊಕ್ಕೆ ಬಿಡುವ ಸದ್ದು, ಹೆದರಬೇಡಿ. ಅಂಟು ಬಿಡದಿದ್ದರೆ ಹೇರ್ ಡ್ರೈಯರ್‌ನಿಂದ ದೂರದಿಂದ ಸ್ವಲ್ಪ ಬೆಚ್ಚಗೆ ಮಾಡಿ. ಸ್ಕ್ರೀನಿನ ಮುಂದೆ ಪೂರ್ತಿ ಗಾಜು ಅಂಟಿಸಿರುವ ಟಚ್ ಮಾಡೆಲ್‌ಗಳಿಗೆ ಈ ದಾರಿ ಇಲ್ಲ, ಅವುಗಳಲ್ಲಿ ಗಾಜು ಪ್ಯಾನೆಲ್ ಒಟ್ಟಿಗೇ ಬರುತ್ತದೆ. ನಿಮ್ಮದು ಅದಲ್ಲ.

ಪ್ಯಾನೆಲ್ ಎರಡು ರೀತಿ ಕೂತಿರಬಹುದು. ಸ್ಕ್ರೂ ಇದ್ದರೆ ಬಿಚ್ಚಿ ಮುಂದಕ್ಕೆ, ಕೀಬೋರ್ಡ್ ಮೇಲೆ ಬಟ್ಟೆ ಹಾಸಿ ಮಲಗಿಸಿ. ಸ್ಕ್ರೂ ಇಲ್ಲದಿದ್ದರೆ ಎರಡೂ ಪಕ್ಕ ಎಳೆಯುವ ಅಂಟುಪಟ್ಟಿ ಇರುತ್ತದೆ, ಕೆಳತುದಿಯಲ್ಲಿ ಅದರ ಬಾಲ ಕಾಣುತ್ತದೆ. ಬಾಲ ಹಿಡಿದು ಪ್ಯಾನೆಲ್‌ಗೆ ಸಮಾನಾಂತರವಾಗಿ, ಮೇಲಕ್ಕೆ ಎತ್ತದೆ, ನಿಧಾನ ನಿಧಾನ ಎಳೆಯಿರಿ. ಅವಸರ ಮಾಡಿದರೆ ಒಳಗೇ ತುಂಡಾಗುತ್ತದೆ, ಆಮೇಲೆ ಪ್ಯಾನೆಲ್ ಬಿಡಿಸುವುದು ನರಕ.

ಪ್ಯಾನೆಲ್ ಹಿಂದಿನ ಕನೆಕ್ಟರ್‌ನ ಮೇಲೆ ಪಾರದರ್ಶಕ ಟೇಪ್, ಅದರ ಕೆಳಗೆ ಹೆಚ್ಚಾಗಿ ತೆಳು ತಂತಿಯ ಲಾಕ್. ಟೇಪ್ ಬಿಡಿಸಿ, ಲಾಕ್ ಎತ್ತಿ, ಕನೆಕ್ಟರನ್ನು ಕೇಬಲ್ ಹೊರಡುವ ದಿಕ್ಕಿಗೆ ಜಾರಿಸಿ. ಮೇಲಕ್ಕೆ ಕೀಳಬೇಡಿ. ಪಿನ್‌ಗಳ ಮೇಲೆ ಹಸಿರು ಅಥವಾ ಬಿಳಿ ಪುಡಿ ಕಂಡರೆ ಯಾವಾಗಲೋ ತೇವ ಹೋಗಿದೆ. 90 ಶೇಕಡಕ್ಕಿಂತ ಮೇಲಿನ ಐಸೋಪ್ರೊಪೈಲ್ ಆಲ್ಕೋಹಾಲ್ ಮತ್ತು ಮೆತ್ತನೆ ಬ್ರಷ್ ಸಾಕು, ಪೂರ್ತಿ ಒಣಗಲು ಬಿಡಿ. ಮತ್ತೆ ಹಾಕುವಾಗ ಎರಡೂ ಕಡೆ ಸಮನಾಗಿ ಒಳಗೆ ಹೋಗಿದೆಯಾ ನೋಡಿ, ಓರೆಯಾಗಿ ಕೂತರೆ ಅದೇ ಅನಾಹುತಕ್ಕೆ ದಾರಿ.

ಬೆಜೆಲ್ ಮುಚ್ಚುವ ಮುಂಚೆ ಬ್ಯಾಟರಿ ಜೋಡಿಸಿ ಆನ್ ಮಾಡಿ, ಪರೀಕ್ಷೆ ಮಾಡಿಯೇ ಮುಚ್ಚಿ.

ಸುಟ್ಟಫ್ಯೂಸ್:

ಕರೆದಿದ್ದಕ್ಕೆ ಬಂದೆ. ಹೆಸರಿನಲ್ಲೇ ಕಥೆ ಇದೆ.

ಲ್ಯಾಪ್‌ಟಾಪ್ ಆಫ್ ಮಾಡಿದ್ದೆ, ಚಾರ್ಜರ್ ತೆಗೆದಿದ್ದೆ, ಇನ್ನೇನು ಅಪಾಯ ಅಂದುಕೊಂಡೆ. ಬ್ಯಾಟರಿ ಒಳಗಡೆ ಇರುವ ಮಾಡೆಲ್, ಅದಕ್ಕಾಗಿ ತಳ ಬಿಚ್ಚಬೇಕಿತ್ತು, ಸೋಮಾರಿತನ. ಬೆಜೆಲ್ ಮಾತ್ರ ತೆಗೆದು ಪ್ಯಾನೆಲ್ ಕನೆಕ್ಟರನ್ನು ಸ್ವಲ್ಪ ಓರೆಯಾಗಿ ಎಳೆದೆ. ಸದ್ದಿಲ್ಲ, ಹೊಗೆಯಿಲ್ಲ. ಹೊಸ ಪ್ಯಾನೆಲ್ ಹಾಕಿದರೆ ಕಪ್ಪು. ಹಳೇದು ವಾಪಸ್ ಹಾಕಿದರೆ ಅದೂ ಕಪ್ಪು. ಟಾರ್ಚ್ ಹಿಡಿದರೆ ಎರಡರಲ್ಲೂ ಮಸುಕಾಗಿ ಚಿತ್ರ ಇದೆ. ಅರ್ಥವಾಯಿತಲ್ಲ?

ಆ ಪುಟ್ಟ ಕನೆಕ್ಟರ್‌ನಲ್ಲಿ ಪ್ಯಾನೆಲ್‌ನ ಎಲೆಕ್ಟ್ರಾನಿಕ್ಸ್‌ಗೆ 3.3 ವೋಲ್ಟ್ ಹೋಗುತ್ತದೆ, ಬ್ಯಾಕ್‌ಲೈಟ್‌ಗೆ ಮಾತ್ರ ಅನೇಕ ಬೋರ್ಡ್‌ಗಳಲ್ಲಿ ಬ್ಯಾಟರಿಯ ವೋಲ್ಟೇಜೇ ನೇರ ಹೋಗುತ್ತದೆ, ಆಫ್ ಇದ್ದಾಗಲೂ. ಓರೆ ಎಳೆದಾಗ ಪಕ್ಕದ ಪಿನ್‌ಗೆ ತಾಗಿದರೆ ಮದರ್‌ಬೋರ್ಡ್ ಮೇಲಿನ ಬ್ಯಾಕ್‌ಲೈಟ್ ಫ್ಯೂಸ್ ಹೋಗುತ್ತದೆ. ಅದು ಹಾರಿದ್ದು ನನ್ನ ಪುಣ್ಯ, ಹಾರದಿದ್ದರೆ ಆ ವೋಲ್ಟೇಜ್ ಇನ್ನೆಲ್ಲಿಗೋ ನುಗ್ಗುತ್ತಿತ್ತು. ಸಾಸಿವೆ ಕಾಳಿನಷ್ಟಿರುವ ಆ ಫ್ಯೂಸನ್ನು ಮಲ್ಟಿಮೀಟರ್‌ನಲ್ಲಿ ಕಂಡುಹಿಡಿಯಲು ಒಂದು ಸಂಜೆ, ಅದನ್ನು ಬದಲಿಸಿಕೊಡುವವರನ್ನು ಹುಡುಕಲು ಒಂದು ವಾರ. ಬ್ಯಾಟರಿ ತೆಗೆಯಲು ಬೇಕಿದ್ದದ್ದು ಐದು ನಿಮಿಷ.

ನಿದ್ದೆಗೇಡಿ:

ಇದೆಲ್ಲ ಓದಿ ನನಗೊಂದು ಅನುಮಾನ ಬರುತ್ತಿದೆ. ನನ್ನ ಹಳೇ ಪ್ಯಾನೆಲ್ ಇನ್ನೂ ಡಬ್ಬದಲ್ಲೇ ಇದೆ. ಅದಕ್ಕೆ ಏನಾದರೂ ಆಗಿತ್ತಾ, ಅಥವಾ ಹೊಸದು ಹಾಕುವಾಗ ಕನೆಕ್ಟರ್ ಬಿಚ್ಚಿ ಮತ್ತೆ ಕೂರಿಸಿದ್ದಕ್ಕೇ ಸರಿಹೋಯಿತಾ?

ಹಳೇಸ್ಕ್ರೂ:

ಎರಡನೆಯದೇ ಇರಬಹುದು. ಎಸೆಯಬೇಡಿ, ಇಟ್ಟುಕೊಂಡಿರಿ.

ಮಂಕುಪರದೆ:

ಭಾನುವಾರ ಬಿಚ್ಚುತ್ತೇನೆ. ಒಂದೇ ಪ್ರಶ್ನೆ. ಮುಂದೆ ಗೆರೆ ಜಾಸ್ತಿಯಾಗಿ ಪ್ಯಾನೆಲ್ ತರಿಸಲೇಬೇಕಾದರೆ ಲ್ಯಾಪ್‌ಟಾಪ್ ಮಾಡೆಲ್ ಹೆಸರು ಕೊಟ್ಟು ತರಿಸಿದರೆ ಸಾಕಾ? ಕಾರ್ಟ್‌ನಲ್ಲಿ ಇರುವುದು ಹಾಗೆ ಹುಡುಕಿದ್ದು.

ಇಕ್ಕಳ:

ಸಾಕಾಗುವುದಿಲ್ಲ, ಎಲ್ಲರೂ ಬೀಳುವ ಗುಂಡಿ ಅದೇ. ಒಂದೇ ಮಾಡೆಲ್ ಲ್ಯಾಪ್‌ಟಾಪ್‌ಗೆ ಕಂಪನಿಯವರು ಮೂರು ನಾಲ್ಕು ಬಗೆಯ ಪ್ಯಾನೆಲ್ ಹಾಕಿರುತ್ತಾರೆ. ಭಾನುವಾರ ಬಿಚ್ಚಿದಾಗ ಪ್ಯಾನೆಲ್ ಬೆನ್ನಿನ ಸ್ಟಿಕ್ಕರ್ ಫೋಟೋ ತೆಗೆದಿಡಿ. ಲ್ಯಾಪ್‌ಟಾಪ್ ಹೆಸರಲ್ಲ, ಅಲ್ಲಿರುವ ಪ್ಯಾನೆಲ್ ನಂಬರ್ ಮುಖ್ಯ. ಬಿ156ಎಚ್‌ಎಎನ್ ಅಂತ ಶುರುವಾದರೆ ಎಯುಒ ಕಂಪನಿಯದು, ಎನ್‌ವಿ156ಎಫ್‌ಎಚ್‌ಎಂ ಅಂದರೆ ಬಿಒಇ, ಎಲ್‌ಪಿ156ಡಬ್ಲ್ಯುಎಫ್ ಅಂದರೆ ಎಲ್‌ಜಿ. ನಡುವಿನ 156 ಅಂದರೆ 15.6 ಇಂಚು. ಬಿಚ್ಚದೆಯೂ ಸುಳಿವು ಸಿಗುತ್ತದೆ, ಡಿವೈಸ್ ಮ್ಯಾನೇಜರ್‌ನಲ್ಲಿ ಮಾನಿಟರ್ ತೆರೆದು ಹಾರ್ಡ್‌ವೇರ್ ಐಡಿ ನೋಡಿ, ಬಿಒಇ ಅಥವಾ ಎಯುಒ ಅಂತ ಮೂರಕ್ಷರ, ಮುಂದೆ ಒಂದು ಕೋಡ್ ಇರುತ್ತದೆ.

ಬೇರೆ ಕಂಪನಿಯದ್ದೂ ಹಾಕಬಹುದು, ಆದರೆ ಕನೆಕ್ಟರ್ ಹೊಂದಬೇಕು. ಸಾಮಾನ್ಯ ಫುಲ್ ಎಚ್‌ಡಿ 60 ಹರ್ಟ್ಸ್‌ಗೆ (ಅಂದರೆ ಸೆಕೆಂಡಿಗೆ 60 ಸಲ ಚಿತ್ರ ಹೊಸದಾಗುವುದಕ್ಕೆ) ಹೆಚ್ಚಾಗಿ 30 ಪಿನ್, ಟಚ್ ಸೇರಿದ್ದಕ್ಕೆ ಅಥವಾ 120, 144 ಹರ್ಟ್ಸ್‌ನಂಥವಕ್ಕೆ 40 ಪಿನ್. ಹಳೇ ಕೇಬಲ್ ಇಟ್ಟುಕೊಂಡು 144 ಹರ್ಟ್ಸ್ ಪ್ಯಾನೆಲ್ ಹಾಕುವ ಆಸೆ ಬೇಡ. ಇನ್ನೊಂದು, ಪಕ್ಕದಲ್ಲಿ ಸ್ಕ್ರೂ ಕಿವಿ ಇರುವ ಪ್ಯಾನೆಲ್ ಸುಮಾರು 360 ಮಿಲಿಮೀಟರ್ ಅಗಲ, ಕಿವಿ ಇಲ್ಲದ್ದು ಸುಮಾರು 350. ಎರಡೂ 15.6 ಇಂಚೇ. ಅದು ಗೊತ್ತಿಲ್ಲದೆ ತರಿಸಿ, ಕಿವಿಯನ್ನು ಇಕ್ಕಳದಲ್ಲಿ ಮುರಿದು ಕೂರಿಸಿದವರು ಇದ್ದಾರೆ. ನನ್ನ ಹೆಸರು ನೋಡಿ ನೀವೇ ಊಹಿಸಿ.

ಮಂಕುಪರದೆ:

ಬಿಚ್ಚಿದೆ, ಮುಚ್ಚಿದೆ, ಮತ್ತೆ ಬಿಚ್ಚಿದೆ. ಅದಕ್ಕೇ ಬರೆಯಲು ತಡವಾಯಿತು.

ಭಾನುವಾರ ಬ್ಯಾಟರಿ ತೆಗೆದೇ ಶುರು ಮಾಡಿದೆ (ಸುಟ್ಟಫ್ಯೂಸ್ ಅವರಿಗೆ ನಮಸ್ಕಾರ). ಬೆಜೆಲ್‌ನ ಒಂದು ಕೊಕ್ಕೆ ಮುರಿಯಿತು, ಎಡಮೂಲೆಯಲ್ಲಿ ಉಗುರು ಹೋಗುವಷ್ಟು ಸಂದಿ ಉಳಿದಿದೆ. ಎರಡೂ ತುದಿ ಬಿಚ್ಚಿ ಕೂರಿಸಿದೆ. ಮದರ್‌ಬೋರ್ಡ್ ಕಡೆಯ ಟೇಪ್ ಅಂಟು ಬಿಟ್ಟು ಮೇಲೆದ್ದಿತ್ತು, ಅದನ್ನು ಹೊಸದಾಗಿ ಹಚ್ಚಿದೆ. ಆನ್ ಮಾಡಿದರೆ ದಿನದ ಕೋನದಲ್ಲಿ ಮಿನುಗು ಇಲ್ಲ. ಕುಣಿದುಬಿಟ್ಟೆ. ಎರಡೇ ದಿನ, ಮತ್ತೆ ಶುರು, ಆದರೆ ಈ ಸಲ ತುಂಬಾ ಹಿಂದಕ್ಕೆ ವಾಲಿಸಿದಾಗ ಮಾತ್ರ.

ಹಾಗಾಗಿ ಕೇಬಲ್ಲೇ ತರಿಸಿದೆ. ಹಳೇ ಕೇಬಲ್ ಮೇಲೆ ಡಿಸಿ02 ಅಂತ ಶುರುವಾಗುವ ನಂಬರ್ ಇತ್ತು, ಅದನ್ನೇ ಕೊಟ್ಟು ಹುಡುಕಿದೆ, ಪಿನ್ 30 ಅಂತ ಎಣಿಸಿಯೂ ನೋಡಿದೆ. ಕೇಬಲ್ ಬದಲಿಸುವುದು ನಾನು ಅಂದುಕೊಂಡದ್ದಕ್ಕಿಂತ ಕಷ್ಟ. ಹಿಂಜ್ ಸ್ಕ್ರೂ ಬಿಚ್ಚಿ, ಕೇಬಲ್ ಮೊದಲಿದ್ದ ಕಾಲುವೆಯಲ್ಲೇ, ಅದೇ ತಿರುವುಗಳಲ್ಲಿ ಕೂರಿಸಬೇಕು. ವೆಬ್‌ಕ್ಯಾಮ್ ತಂತಿಯೂ ಅದರಲ್ಲೇ ಸೇರಿದೆ. ಬಿಚ್ಚುವ ಮುಂಚೆ ಫೋಟೋ ತೆಗೆದಿದ್ದರಿಂದ ಬಚಾವಾದೆ. ಒಟ್ಟು ಎರಡೂವರೆ ಗಂಟೆ. ಅರ್ಧ ಗಂಟೆ ಅಂದವರು ಯಾರು?

ಈಗ ಮೂರು ವಾರ ಆಯಿತು. ಯಾವ ಕೋನದಲ್ಲೂ ಮಿನುಗಿಲ್ಲ. ಹಸಿರು ಗೆರೆ ಅಲ್ಲೇ ಇದೆ, ಇಕ್ಕಳ ಅವರು ಹೇಳಿದ ಹಾಗೆ. ಅದು ಎರಡಾಗುವ ತನಕ ಪ್ಯಾನೆಲ್ ತರಿಸುವುದಿಲ್ಲ. ಸ್ಟಿಕ್ಕರ್ ಫೋಟೋ ಇದೆ. ಅಂದಹಾಗೆ ಕಾರ್ಟ್‌ನಲ್ಲಿದ್ದದ್ದು ಕಿವಿ ಇರುವ ಪ್ಯಾನೆಲ್, ನನ್ನದು ಕಿವಿ ಇಲ್ಲದ್ದು.

ಇಕ್ಕಳ:

ಒಳ್ಳೆಯದಾಯಿತು. ಹಳೇ ಕೇಬಲ್ ಎಸೆದಿಲ್ಲ ತಾನೆ? ಹಿಂಜ್ ಜಾಗದಲ್ಲಿ ಕಪ್ಪು ಸುತ್ತು ಬಿಡಿಸಿ ಏನಿದೆ ನೋಡಿ ಹೇಳಿ.

ಮಂಕುಪರದೆ:

ಬಿಡಿಸಿದೆ. ಕೂದಲಿಗಿಂತ ಸ್ವಲ್ಪ ದಪ್ಪದ ತಂತಿಗಳು, ಸಾಲಾಗಿ. ಬಗ್ಗುವ ಜಾಗದಲ್ಲಿ ಒಂದು ಪೂರ್ತಿ ತುಂಡು. ಪಕ್ಕದ್ದರ ಸಿಪ್ಪೆ ಸುಲಿದು ಒಳಗಿನ ತಾಮ್ರ ಹೊಳೆಯುತ್ತಿದೆ, ಬಗ್ಗಿಸಿದರೆ ಬಾಯಿ ಬಿಡುತ್ತದೆ, ನೇರ ಮಾಡಿದರೆ ಮತ್ತೆ ಕೂಡಿಕೊಳ್ಳುತ್ತದೆ.